ಕೇಳುಗರ ಪರಂಪರೆಯಲ್ಲಿ ಹುಟ್ಟಿದ ಹಾಡು: ಡೆಕ್ಸಿಸ್ ಮಿಡ್‌ನೈಟ್ ರನ್ನರ್ಸ್ ತಂಡದ ಮೊದಲ ಆಲ್ಬಮ್

ಜಾನಪದ ಸಂಗ್ರಹಕಾರರು ಹಾಡುಗಾರರನ್ನು ಕುರಿತು ಕೇಳುವ ಪ್ರಶ್ನೆಗಳು ಬಹುಕಾಲದಿಂದ ಸ್ಥಿರಗೊಂಡಿವೆ. ಹೆಸರು, ವಯಸ್ಸು, ಊರು, ಕಸುಬು, ಹಾಡನ್ನು ಕಲಿತದ್ದು ಯಾರಿಂದ ಎಂಬ ವಿವರಗಳಿಲ್ಲದ ಸಂಗ್ರಹವನ್ನು ಇಂದು ಯಾರೂ ಶಾಸ್ತ್ರಬದ್ಧವೆಂದು ಒಪ್ಪುವುದಿಲ್ಲ. ಕೇಳುಗರ ಸಂಗತಿ ಹಾಗಲ್ಲ. ನಮ್ಮ ಎಷ್ಟೋ ಸಂಕಲನಗಳಲ್ಲಿ ಅವರು 'ನೆರೆದ ಜನ' ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತಾರೆ. ಹಾಡನ್ನು ಉಳಿಸುವವರು ಹಾಡುವವರೇ, ಕೇಳುವವರು ಅದನ್ನು ಸ್ವೀಕರಿಸುವವರು ಮಾತ್ರ ಎಂಬ ನಂಬಿಕೆ ಈ ಪದ್ಧತಿಯ ಹಿಂದಿದೆ. ಹಾಡುಗಾರರೇ ಇಲ್ಲದ, ಕೇಳುಗರು ಮತ್ತು ಕುಣಿಯುವವರು ಮಾತ್ರ ಇರುವ ಒಂದು ಪರಂಪರೆ ಎದುರಾದಾಗ ಈ ನಂಬಿಕೆಯನ್ನು ಮರುಪರಿಶೀಲಿಸಬೇಕಾಗುತ್ತದೆ. 1960ರ ದಶಕದ ಕೊನೆಯಿಂದ ಇಂಗ್ಲೆಂಡಿನ ಉತ್ತರ ಮತ್ತು ಮಧ್ಯ ಭಾಗದ ಕೈಗಾರಿಕಾ ಪಟ್ಟಣಗಳಲ್ಲಿ ಬೆಳೆದ 'ನಾರ್ದರ್ನ್ ಸೋಲ್' ಅಂತಹದೊಂದು ಪರಂಪರೆ. ಅದರ ಕೇಳುಗರ ಪಾಳೆಯದಿಂದ ಎದ್ದು ಬಂದು, ಪಂಕ್ ಸಂಗೀತ ಕೊಟ್ಟ ಧೈರ್ಯದಿಂದ ಬಾಯಿ ತೆರೆದ ಒಂದು ತಂಡದ ಮೊದಲ ಆಲ್ಬಮ್ ಇಲ್ಲಿಯ ವಿವೇಚನೆಯ ವಸ್ತು. ತಂಡದ ಹೆಸರು ಡೆಕ್ಸಿಸ್ ಮಿಡ್‌ನೈಟ್ ರನ್ನರ್ಸ್. ಆಲ್ಬಮ್ಮಿನ ಹೆಸರು 'ಸರ್ಚಿಂಗ್ ಫಾರ್ ದ ಯಂಗ್ ಸೋಲ್ ರೆಬೆಲ್ಸ್', ಅಂದರೆ ಸೋಲ್ ಸಂಗೀತದ ಎಳೆಯ ಬಂಡಾಯಗಾರರ ಹುಡುಕಾಟ. ಇದು ಬಿಡುಗಡೆಯಾದದ್ದು 1980ರ ಜುಲೈ ತಿಂಗಳಲ್ಲಿ.

ರಾಕ್ ಸಂಗೀತದ ಆಲ್ಬಮ್ಮೊಂದು ಜಾನಪದ ವಿದ್ವಾಂಸರ ಗಮನಕ್ಕೆ ಏಕೆ ಬರಬೇಕು ಎಂಬ ಆಕ್ಷೇಪ ಸಹಜ. ಕನಿಷ್ಠ ಒಂದು ಸಮಾನ ಅಂಶವುಳ್ಳ ಯಾವುದೇ ಗುಂಪು 'ಜನ' ಎನಿಸಿಕೊಳ್ಳಬಹುದು ಎಂದು ಅಲನ್ ಡಂಡೆಸ್ ವಾದಿಸಿ ದಶಕಗಳೇ ಕಳೆದಿದ್ದರೂ, ಯಂತ್ರದಿಂದ ಅಚ್ಚಾದ, ಅಂಗಡಿಯಲ್ಲಿ ಮಾರಾಟವಾದ ಹಾಡನ್ನು ಜಾನಪದದ ಹೊರಗಿಡುವ ಅಭ್ಯಾಸ ನಿಂತಿಲ್ಲ. ಈ ಆಕ್ಷೇಪಕ್ಕೆ ಉತ್ತರ ನಾರ್ದರ್ನ್ ಸೋಲ್‌ನ ನಡವಳಿಕೆಯಲ್ಲಿಯೇ ಇರುವುದರಿಂದ ಮೊದಲು ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಸೋಲ್ ಎಂದರೆ ಆತ್ಮ. ಅಮೆರಿಕದ ಕರಿಯರ ಚರ್ಚುಗಳ ಗಾಯನವೂ ರಿದಂ ಅಂಡ್ ಬ್ಲೂಸ್ ಎಂಬ ಲೌಕಿಕ ಗಾಯನವೂ ಬೆರೆತು 1950 ಮತ್ತು 60ರ ದಶಕಗಳಲ್ಲಿ ರೂಪುಗೊಂಡ ಸಂಗೀತಕ್ಕೆ ಈ ಹೆಸರು ಬಂದಿತು. ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಹಾಡುಗಳು ಜಗತ್ತಿನಾದ್ಯಂತ ಗೆದ್ದವು. ಅದೇ ಅಚ್ಚಿನಲ್ಲಿ ಡೆಟ್ರಾಯಿಟ್, ಷಿಕಾಗೊ ಮುಂತಾದೆಡೆ ಸಣ್ಣಪುಟ್ಟ ಸಂಸ್ಥೆಗಳು ಹೊರತಂದ ಅಸಂಖ್ಯ ರೆಕಾರ್ಡುಗಳು ಮಾರಾಟವಾಗದೆ ಗೋದಾಮು ಸೇರಿದವು. ಸೋಲ್ ಎಂಬ ಶಬ್ದ ಕನ್ನಡದ ಕಿವಿಗೆ 'ಸೋಲು' ಎಂದು ಕೇಳಿಸುವುದು ಕೇವಲ ಆಕಸ್ಮಿಕ. ಆದರೂ ಉತ್ತರ ಇಂಗ್ಲೆಂಡಿನವರು ಎದೆಗವಚಿಕೊಂಡದ್ದು ಹೀಗೆ ಮಾರುಕಟ್ಟೆಯಲ್ಲಿ ಸೋತ ಹಾಡುಗಳನ್ನೇ. 1960ರ ದಶಕದ ಕೊನೆಗೆ ಅಮೆರಿಕದ ಕರಿಯರ ಸಂಗೀತ ಫಂಕ್‌ನ ನಿಧಾನವಾದ, ಒಡೆದ ಲಯದ ಕಡೆಗೆ ತಿರುಗಿತು. ಲಂಡನ್ನಿನ ರಸಿಕರು ಅದನ್ನೇ ಹಿಂಬಾಲಿಸಿದರು. ಮ್ಯಾಂಚೆಸ್ಟರಿನ 'ಟ್ವಿಸ್ಟೆಡ್ ವೀಲ್'ನಂತಹ ಕ್ಲಬ್ಬುಗಳಲ್ಲಿ ಕುಣಿಯುತ್ತಿದ್ದವರು ಮಾತ್ರ ಹಿಂದಿನ ಓಟದ ಲಯವನ್ನು ಬಿಡಲೊಪ್ಪಲಿಲ್ಲ. ಲಂಡನ್ನಿನಲ್ಲಿ ರೆಕಾರ್ಡಿನ ಅಂಗಡಿ ಇಟ್ಟಿದ್ದ ಪತ್ರಕರ್ತ ಡೇವ್ ಗಾಡಿನ್ ಇದನ್ನು ಗಮನಿಸಿದನು. ಫುಟ್‌ಬಾಲ್ ಪಂದ್ಯಕ್ಕೆಂದು ರಾಜಧಾನಿಗೆ ಬಂದ ಉತ್ತರದ ಹುಡುಗರು ಅವನ ಅಂಗಡಿಯಲ್ಲಿ ಹೊಸ ಹಾಡುಗಳನ್ನು ಕೇಳುತ್ತಿರಲಿಲ್ಲ. ಅವರಿಗೆ ಬೇಕಾದ ಬಗೆಯನ್ನು ಅಂಗಡಿಯ ನೌಕರರಿಗೆ ಸೂಚಿಸಲು ಅವನು ಬಳಸಿದ 'ಉತ್ತರದ ಸೋಲ್' ಎಂಬ ವ್ಯಾಪಾರದ ಮಾತು 1970ರ ಹೊತ್ತಿಗೆ ಅವನ ಅಂಕಣಬರಹದ ಮೂಲಕ ಒಂದು ಸಂಗೀತಪ್ರಕಾರದ ಹೆಸರಾಯಿತು. ಆ ಹಾಡುಗಳನ್ನು ಹಾಡಿದವರಲ್ಲಿ ಇಂಗ್ಲೆಂಡಿನ ಉತ್ತರದವರು ಇರಲಿಲ್ಲ ಎಂಬುದನ್ನು ಗಮನಿಸಬೇಕು. ಹೆಸರಿನಲ್ಲಿರುವ ಪ್ರದೇಶ ಕೇಳುಗರದು. ಹಾಡು ಹುಟ್ಟಿದ ನೆಲದಿಂದಲ್ಲದೆ, ಅದನ್ನು ಕೇಳಿದ ನೆಲದಿಂದ ಸಂಗೀತಕ್ಕೆ ಹೆಸರು ಬಂದ ಇಂತಹ ಉದಾಹರಣೆ ಅಪರೂಪ.

1973ರ ಸೆಪ್ಟೆಂಬರಿನಿಂದ 1981ರವರೆಗೆ ಕಲ್ಲಿದ್ದಲು ಮತ್ತು ಹತ್ತಿಗಿರಣಿಗಳ ಪಟ್ಟಣವಾದ ವಿಗನ್‌ನ ಕ್ಯಾಸಿನೊ ಸಭಾಂಗಣದಲ್ಲಿ ನಡೆದ ಇಡೀ ರಾತ್ರಿಯ ಕುಣಿತಗಳು ಈ ಪರಂಪರೆಯ ಉತ್ಕರ್ಷವೆಂದು ಪರಿಗಣಿತವಾಗಿವೆ. ಅಲ್ಲಿ ಮದ್ಯದ ಮಾರಾಟವಿರಲಿಲ್ಲ. ಕುಣಿಯುವವರು ಜೋಡಿಯಾಗಿ ಕುಣಿಯುತ್ತಿರಲಿಲ್ಲ. ಪಾದ ಜಾರಲೆಂದು ನೆಲಕ್ಕೆ ಟಾಲ್ಕಂ ಪೌಡರ್ ಎರಚಿ, ಸುತ್ತು ತಿರುಗಿ, ಹಿಂದಕ್ಕೆ ಬಿದ್ದು ಏಳುವ ಒಂಟಿ ಕುಣಿತ ಅದು. ಬೆಳಗ್ಗೆ ಎಂಟು ಗಂಟೆಗೆ ಮುಗಿಯುವ ಮುನ್ನ ಪ್ರತಿ ರಾತ್ರಿಯೂ ಅದೇ ಮೂರು ರೆಕಾರ್ಡುಗಳನ್ನು ಅದೇ ಉದ್ದೇಶಕ್ಕಾಗಿ ಹಾಕಲಾಗುತ್ತಿತ್ತು. ರಾತ್ರಿಯ ಆಟವೊಂದು ಮಂಗಳದಲ್ಲಿ ಮುಗಿಯಲೇಬೇಕೆಂಬ ನಿಯಮವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾವು ಕಂಡುಹಿಡಿದ ಅಪರೂಪದ ರೆಕಾರ್ಡಿನ ಗುರುತು ಪ್ರತಿಸ್ಪರ್ಧಿಗಳಿಗೆ ಸಿಗಬಾರದೆಂದು ರೆಕಾರ್ಡು ನುಡಿಸುವ ಡೀಜೆಗಳು ಅದರ ಹಣೆಪಟ್ಟಿಯನ್ನು ಮುಚ್ಚಿ ಬೇರೆ ಹೆಸರು ಹೇಳುತ್ತಿದ್ದರು. 1965ರಲ್ಲಿ ಮೋಟೌನ್ ಸಂಸ್ಥೆ ಅಚ್ಚು ಹಾಕಿಸಿ ಬಿಡುಗಡೆ ಮಾಡದೆ ಬಿಟ್ಟ ಫ್ರ್ಯಾಂಕ್ ವಿಲ್ಸನ್‌ನ ಹಾಡೊಂದು ಹೀಗೆ ಎಡ್ಡಿ ಫಾಸ್ಟರ್ ಎಂಬ ಸುಳ್ಳು ಹೆಸರಿನಲ್ಲಿ ಪ್ರಚಾರ ಪಡೆಯಿತು. ಅದರ ಒಂದು ಪ್ರತಿ 2009ರಲ್ಲಿ 25,000 ಪೌಂಡ್‌ಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಮಂತ್ರವನ್ನೋ ಮದ್ದಿನ ಬೇರನ್ನೋ ಗುಟ್ಟಾಗಿಡುವ ನಾಟಿವೈದ್ಯರ ನಡವಳಿಕೆಗೂ ಇದಕ್ಕೂ ಸ್ವಭಾವದಲ್ಲಿ ಅಂತರ ಕಡಿಮೆ. ಅಚ್ಚಾದ ತಟ್ಟೆಯೂ ಹೀಗೆ ಗುಪ್ತಜ್ಞಾನವಾಗಬಲ್ಲದು, ಆಚರಣೆಯ ಅಂಗವಾಗಬಲ್ಲದು, ಬಾಯಿಂದ ಬಾಯಿಗೆ ಹೋಗುವ ಕಥೆಯ ಕೇಂದ್ರವಾಗಬಲ್ಲದು ಎಂಬುದು ಮೇಲಿನ ಆಕ್ಷೇಪಕ್ಕೆ ಸಾಕಷ್ಟು ಉತ್ತರವಾದೀತು.

ಈ ಪರಂಪರೆಗೆ ಒಂದು ಮಿತಿಯಿತ್ತು. ಅದು ಹೊಸದನ್ನು ಸೃಷ್ಟಿಸಲಿಲ್ಲ. ಕುಣಿತದಲ್ಲಿ ನಿಜವಾದ ಸೃಜನಶೀಲತೆ ಇತ್ತು. ಹಾಡಿನ ಮಟ್ಟಿಗೆ ಮಾತ್ರ, ಯಾರೋ ಎಲ್ಲಿಯೋ ಹಾಡಿ ಮುಗಿಸಿದ್ದನ್ನು ಹುಡುಕಿ ತರುವುದೇ ಪರಮ ಸಾಧನೆಯಾಗಿತ್ತು. ಉತ್ತರದ ಗಿರಣಿಯ ಹುಡುಗನಿಗೆ ತನ್ನ ದಿನದ ಬಾಳನ್ನು ಕುರಿತು ಹೇಳಲು ಡೆಟ್ರಾಯಿಟ್‌ನ ಅಪರಿಚಿತನ ಪ್ರೇಮಗೀತೆಯಲ್ಲದೆ ಬೇರೆ ಮಾತಿರಲಿಲ್ಲ. 1976-77ರಲ್ಲಿ ಎದ್ದ ಪಂಕ್ ಇದಕ್ಕೆ ನೇರ ವಿರುದ್ಧವಾದದ್ದು. ಅದಕ್ಕೆ ಹಳೆಯದೆಲ್ಲವೂ ಕಸ. ಕೈಗೆ ಸಿಕ್ಕ ಗಿಟಾರು ಹಿಡಿದು ಇಂದೇ, ಇಲ್ಲಿಯೇ, ನಿನ್ನ ಉಚ್ಚಾರಣೆಯಲ್ಲಿಯೇ ಕೂಗು ಎಂಬುದು ಅದರ ಉಪದೇಶ. ಒಂದು ಕಡೆ ನೆನಪು ಮಾತ್ರ ಇದ್ದು ದನಿ ಇರಲಿಲ್ಲ, ಇನ್ನೊಂದು ಕಡೆ ದನಿ ಇದ್ದು ನೆನಪಿಗೆ ಬೆಲೆ ಇರಲಿಲ್ಲ. ಇವೆರಡನ್ನೂ ಒಂದೇ ಕೊರಳಿಗೆ ತರಲು ಹೊರಟದ್ದು ಈ ಆಲ್ಬಮ್ಮಿನ ಸಾಹಸ.

ತಂಡವನ್ನು ಕಟ್ಟಿದವರು ಕೆವಿನ್ ರೋಲಂಡ್ ಮತ್ತು ಕೆವಿನ್ ಆರ್ಚರ್. ಇಬ್ಬರೂ ಮೊದಲು 'ದ ಕಿಲ್‌ಜಾಯ್ಸ್' ಎಂಬ ಪಂಕ್ ತಂಡದಲ್ಲಿದ್ದವರು. 1978ರಲ್ಲಿ ಬರ್ಮಿಂಗ್‌ಹ್ಯಾಂ ನಗರದಲ್ಲಿ ಹೊಸ ತಂಡ ಆರಂಭವಾಯಿತು. ಇಡೀ ರಾತ್ರಿ ಕುಣಿಯುವವರು ನಿದ್ದೆಗೆಡಲು ನುಂಗುತ್ತಿದ್ದ ಡೆಕ್ಸೆಡ್ರಿನ್ ಎಂಬ ಉತ್ತೇಜಕ ಗುಳಿಗೆಯಿಂದ ಹೆಸರು ಬಂದಿತು. ಹೀಗೆ ಹೆಸರಿನಲ್ಲಿಯೇ ತಂಡ ತನ್ನನ್ನು ವೇದಿಕೆಯ ಮೇಲಿನವರೊಡನೆ ಗುರುತಿಸಿಕೊಳ್ಳದೆ ನೆಲದ ಮೇಲೆ ಕುಣಿಯುವವರೊಡನೆ ಗುರುತಿಸಿಕೊಂಡಿತು. ಬರ್ಮಿಂಗ್‌ಹ್ಯಾಂ ಭೌಗೋಳಿಕವಾಗಿ ಉತ್ತರವಲ್ಲ, ಮಧ್ಯ ಇಂಗ್ಲೆಂಡ್. ಆದರೆ ಪಕ್ಕದ ವುಲ್ವರ್‌ಹ್ಯಾಂಪ್ಟನ್‌ನ ಕ್ಯಾಟಕೂಂಬ್ಸ್ ಕ್ಲಬ್ಬು, ಸ್ಟೋಕ್ ಕಡೆಯ ಟಾರ್ಚ್ ಕ್ಲಬ್ಬುಗಳು ಈ ಪರಂಪರೆಯ ಮುಖ್ಯ ನೆಲೆಗಳಾಗಿದ್ದವು. ಆದುದರಿಂದ 'ಉತ್ತರ' ಎಂಬುದು ಇಲ್ಲಿ ದಿಕ್ಕಿನ ಹೆಸರಾಗಿರುವುದಕ್ಕಿಂತ ಹೆಚ್ಚಾಗಿ ಲಂಡನ್ ಅಲ್ಲದ ಒಂದು ಬಾಳಿನ ಹೆಸರು. ಆಲ್ಬಮ್ಮಿನ ಒಂದು ಹಾಡಿನ ಶೀರ್ಷಿಕೆಯೇ ಯಾರ್ಕ್‌ಷೈರಿನಲ್ಲಿ ಬಾಳುತ್ತಿಲ್ಲವಲ್ಲ ಎಂದು ನಿಟ್ಟುಸಿರು ಬಿಡುತ್ತದೆ. ಉತ್ತರದ ಸಂಗೀತವನ್ನು ತನ್ನದೆಂದು ಎತ್ತಿಕೊಂಡ ತಂಡ ಉತ್ತರದ ಜಿಲ್ಲೆಯೊಂದನ್ನು ಹೀಗೆ ಛೇಡಿಸುವುದರಲ್ಲಿ ತುಂಟತನವಿದೆ. ಪ್ರಾದೇಶಿಕತೆಯ ಭಜನೆ ಇವರ ಉದ್ದೇಶವಲ್ಲ ಎಂಬುದಕ್ಕೆ ಅದೂ ಒಂದು ಸಾಕ್ಷಿ.

ಆಲ್ಬಮ್ ಆರಂಭವಾಗುವುದು ಹಾಡಿನಿಂದಲ್ಲ, ರೇಡಿಯೊದ ಗೊರಗೊರ ಸದ್ದಿನಿಂದ. ಯಾರೋ ಮುಳ್ಳು ತಿರುಗಿಸುತ್ತಿದ್ದಾರೆ. ಡೀಪ್ ಪರ್ಪಲ್ ತಂಡದ ಹಾಡಿನ ತುಣುಕು, ಸೆಕ್ಸ್ ಪಿಸ್ಟಲ್ಸ್ ತುಣುಕು, ಕಾವೆಂಟ್ರಿಯ ಸ್ಪೆಷಲ್ಸ್ ತಂಡದ ತುಣುಕು ಬಂದು ಹೋಗುತ್ತವೆ. ಹಾರ್ಡ್ ರಾಕ್, ಪಂಕ್, ಪಂಕ್ ನಂತರದ ಸ್ಕಾ, ಹೀಗೆ ಒಂದು ದಶಕದ ಇಂಗ್ಲಿಷ್ ಸಂಗೀತವೇ ಕೆಲವು ಕ್ಷಣಗಳಲ್ಲಿ ಹಾದುಹೋಗುತ್ತದೆ, ಯಾವುದೂ ನಿಲ್ಲುವುದಿಲ್ಲ. ಅನಂತರ ಊದುವಾದ್ಯಗಳು ನುಗ್ಗುತ್ತವೆ. ಈ ಆರಂಭವನ್ನು ಹಲವರು ಸಮಕಾಲೀನರ ಮೇಲಿನ ತಿರಸ್ಕಾರವೆಂದು ಓದಿದ್ದಾರೆ. ಅದು ತಪ್ಪಲ್ಲ, ಆದರೆ ಮುಳ್ಳನ್ನು ತಿರುಗಿಸುತ್ತಿರುವುದು ಒಬ್ಬ ಕೇಳುಗನ ಕೈ ಎಂಬ ಸರಳ ಸಂಗತಿಯನ್ನು ಆ ಓದು ಬಿಟ್ಟುಬಿಡುತ್ತದೆ. ಆಲ್ಬಮ್ಮಿನ ಮೊದಲ ಪಾತ್ರ ಗಾಯಕನಲ್ಲ. ತನಗೆ ಬೇಕಾದುದು ಸಿಗದ ಒಬ್ಬ ಶ್ರೋತೃ ಬೇಸತ್ತು ತಾನೇ ಹಾಡಲು ತೊಡಗುವ ಕ್ಷಣವನ್ನು ಇದು ನಾಟಕೀಯವಾಗಿ ಮುಂದಿಡುತ್ತದೆ. ಮಂಗಳಾಚರಣೆಯ ಸ್ಥಾನದಲ್ಲಿ ಇಂತಹ ದೃಶ್ಯವನ್ನಿಟ್ಟ ಕಾರಣದಿಂದಲೇ ಮುಂದಿನ ಹಾಡುಗಳಿಗೆ ಒಂದು ಅಧಿಕಾರ ಬರುತ್ತದೆ.

ಆ ಮೊದಲ ಹಾಡು 'ಬರ್ನ್ ಇಟ್ ಡೌನ್'. 1979ರ ಕೊನೆಯಲ್ಲಿ 'ಡ್ಯಾನ್ಸ್ ಸ್ಟಾನ್ಸ್' ಎಂಬ ಹೆಸರಿನಲ್ಲಿ ಬಿಡಿ ರೆಕಾರ್ಡಾಗಿ ಬಂದಿದ್ದ ಇದನ್ನು ಆಲ್ಬಮ್ಮಿಗಾಗಿ ಮತ್ತೆ ಹಾಡಲಾಯಿತು. ಐರಿಷ್ ಜನರ ದಡ್ಡತನವನ್ನು ಕುರಿತ ನಗೆಹನಿಗಳಿಗೆ ಇದು ಉತ್ತರ. 1953ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಹುಟ್ಟಿದ ರೋಲಂಡ್ ಐರಿಷ್ ತಂದೆತಾಯಿಗಳ ಮಗ. ನಗೆಹನಿ ಎಂಬ ಜಾನಪದ ಪ್ರಕಾರವನ್ನು ನಿರುಪದ್ರವಿ ಎಂದು ಭಾವಿಸುವವರು ಹಾಡು ಹುಟ್ಟಿದ ಊರಿನ ಇತಿಹಾಸವನ್ನು ನೆನೆಯಬೇಕು. 1974ರ ನವೆಂಬರ್ 21ರಂದು ಬರ್ಮಿಂಗ್‌ಹ್ಯಾಂನ ಎರಡು ಪಬ್ಬುಗಳಲ್ಲಿ ಬಾಂಬು ಸ್ಫೋಟಿಸಿ 21 ಜನ ಸತ್ತರು. ಆ ಕೃತ್ಯಕ್ಕಾಗಿ ಆರು ಮಂದಿ ಐರಿಷ್ ಮೂಲದವರಿಗೆ 1975ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ತೀರ್ಪು ರದ್ದಾಗಿ ಅವರು ಬಿಡುಗಡೆ ಹೊಂದಿದ್ದು 1991ರಲ್ಲಿ. ನಡುವಿನ ವರ್ಷಗಳಲ್ಲಿ ಅಲ್ಲಿಯ ಐರಿಷ್ ಕುಟುಂಬಗಳು ತಲೆ ತಗ್ಗಿಸಿ ಬಾಳಿದವು. ಅಂತಹ ಊರಿನಿಂದ ಈ ಹಾಡು ಏಳುತ್ತದೆ, ಮತ್ತು ಅದು ಬಳಸುವ ಆಯುಧ ವಾದವಲ್ಲ, ನಾಮಾವಳಿ. ಪಲ್ಲವಿಯ ಜಾಗದಲ್ಲಿ ವೈಲ್ಡ್, ಷಾ, ಬೆಕೆಟ್, ಬಿಹಾನ್, ಎಡ್ನಾ ಓಬ್ರಿಯನ್ ಮೊದಲಾದ ಲೇಖಕರ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ.

ನಾಮಾವಳಿ ಮೌಖಿಕ ಕಾವ್ಯದ ಅತಿ ಹಳೆಯ ಸಾಧನ. ಕುಲದ ಹಿರಿಯರನ್ನು ಹೆಸರಿಡಿದು ಕರೆಯುವುದರಲ್ಲಿ ಸಾಕ್ಷ್ಯವೂ ರಕ್ಷೆಯೂ ಇದೆ. ಇಲ್ಲಿಯ ಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಮತ್ತೊಂದು ಅಂಶ ಹೊಳೆಯುತ್ತದೆ. ಪಟ್ಟಿಯಲ್ಲಿರುವ ಯೂಜೀನ್ ಓನೀಲ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಐರಿಷ್ ವಲಸಿಗನ ಮಗನಾಗಿ. ಲಾರೆನ್ಸ್ ಸ್ಟರ್ನ್ ಐರ್ಲೆಂಡಿನಲ್ಲಿ ಹುಟ್ಟಿದನಾದರೂ ಇಂಗ್ಲಿಷ್ ಸೈನ್ಯಾಧಿಕಾರಿಯ ಮಗ, ಬಾಳಿದ್ದು ಇಂಗ್ಲೆಂಡಿನಲ್ಲಿ. ಒಬ್ಬ ರಕ್ತದಿಂದ ಐರಿಷ್, ಇನ್ನೊಬ್ಬ ನೆಲದಿಂದ ಐರಿಷ್. ಹಾಡು ಇಬ್ಬರನ್ನೂ ಯಾವ ತಕರಾರೂ ಇಲ್ಲದೆ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಐರಿಷ್ ಹುಡುಗನೊಬ್ಬ ಅಮೆರಿಕದ ಕರಿಯರ ಸಂಗೀತದಲ್ಲಿ ಇದನ್ನು ಹಾಡುತ್ತಿರುವಾಗ ಈ ಉದಾರತೆ ಅರ್ಥಪೂರ್ಣ. ಮೂಲ ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡಬೇಕಾದರೆ ಹಾಡುವವನಿಗೇ ನಿಲ್ಲಲು ನೆಲ ಇರುವುದಿಲ್ಲ.

ಹಾಡುಗಾರಿಕೆಯ ರೀತಿಯನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸೋಲ್ ಗಾಯನದ ಶುದ್ಧ ಮಾನದಂಡದಿಂದ ರೋಲಂಡ್‌ನ ಕಂಠ ದುರ್ಬಲ. ಅದು ನಡುಗುತ್ತದೆ, ಬಿಕ್ಕುತ್ತದೆ, ಸ್ವರಗಳನ್ನು ನುಂಗಿ ಪದಗಳನ್ನು ಅಸ್ಪಷ್ಟಗೊಳಿಸುತ್ತದೆ. ಪಂಕ್ ಬರುವ ಮುನ್ನ ಇಂತಹ ಕಂಠ ಮುಮ್ಮೇಳದಲ್ಲಿ ನಿಲ್ಲಲು ಯಾವ ನಿರ್ಮಾಪಕನೂ ಬಿಡುತ್ತಿರಲಿಲ್ಲ. ಇಲ್ಲಿ ಅದನ್ನು ಎತ್ತಿ ಹಿಡಿಯುವುದು ಹಿಮ್ಮೇಳ. ಜಿಮ್ ಪ್ಯಾಟರ್ಸನ್‌ನ ಟ್ರಾಂಬೋನ್, ಜೆಫ್ ಬ್ಲೈತ್ ಮತ್ತು ಸ್ಟೀವ್ ಸ್ಪೂನರ್ ಅವರ ಸ್ಯಾಕ್ಸೊಫೋನ್‌ಗಳು ಮೂರೂ ಒಟ್ಟಿಗೆ, ಕೆಳಸ್ಥಾಯಿಯಲ್ಲಿ, ಅಲಂಕಾರವಿಲ್ಲದೆ ನುಡಿಯುತ್ತವೆ. ಗಾಯಕ ಎಡವಿದಲ್ಲೆಲ್ಲ ಅವು ಗೋಡೆಯಂತೆ ನಿಲ್ಲುತ್ತವೆ. 1975ರಲ್ಲಿ ಸ್ವತಃ ಒಂದು ಜನಪ್ರಿಯ ಹಾಡು ಕೊಟ್ಟಿದ್ದ, ಸೋಲ್ ಸಂಗೀತವನ್ನು ಆಳವಾಗಿ ಬಲ್ಲ ಪಿಯಾನೊವಾದಕ ಪೀಟ್ ವಿಂಗ್‌ಫೀಲ್ಡ್ ಈ ಆಲ್ಬಮ್ಮಿನ ನಿರ್ಮಾಪಕ. ಶಬ್ದವನ್ನು ನಯಗೊಳಿಸದೆ ಬಿಟ್ಟದ್ದು ಅವನ ವಿವೇಕ.

ಆಲ್ಬಮ್ಮಿಗಿಂತ ಮೊದಲು ಬಿಡುಗಡೆಯಾಗಿ 1980ರ ಮೇ ತಿಂಗಳಲ್ಲಿ ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಹಾಡು 'ಜೀನೊ'. ಆಲ್ಬಮ್ಮಿನ ತಿರುಳು ಇದರಲ್ಲಿದೆ. ಜೀನೊ ವಾಷಿಂಗ್ಟನ್ ಅಮೆರಿಕದ ವಾಯುಪಡೆಯ ಸಿಬ್ಬಂದಿಯಾಗಿ ಪೂರ್ವ ಇಂಗ್ಲೆಂಡಿಗೆ ಬಂದವನು. 1960ರ ದಶಕದ ನಡುವಿನಿಂದ ರ‍್ಯಾಮ್ ಜ್ಯಾಮ್ ಬ್ಯಾಂಡ್ ಎಂಬ ಬ್ರಿಟಿಷ್ ತಂಡದೊಡನೆ ಕ್ಲಬ್ಬುಗಳಲ್ಲಿ ಹಾಡಿ ಹೆಸರಾದನು. ಅವನ ಕೀರ್ತಿ ನಿಂತದ್ದು ಪ್ರತ್ಯಕ್ಷ ಪ್ರದರ್ಶನದ ಮೇಲೆ. ಸಭೆ ಅವನ ಹೆಸರನ್ನು ಲಯಬದ್ಧವಾಗಿ ಕೂಗುವುದು ಆ ಪ್ರದರ್ಶನದ ಅಂಗವೇ ಆಗಿತ್ತು. ರೋಲಂಡ್ ಮತ್ತು ಆರ್ಚರ್ ಬರೆದ ಹಾಡಿನಲ್ಲಿ ಆ ಕೂಗೇ ಹಿಮ್ಮೇಳವಾಗಿದೆ. 1968ರ ಒಂದು ರಾತ್ರಿ ಬೆವರುವ ಕ್ಲಬ್ಬಿನಲ್ಲಿ ಅವನನ್ನು ಕಂಡ ಹುಡುಗನೊಬ್ಬ ಅದರ ನಿರೂಪಕ. ಇಲ್ಲಿಯವರೆಗೆ ಇದು ಬಿರುದಾವಳಿಯಂತೆ ಸಾಗುತ್ತದೆ. ಮುಂದೆ ಸಾಗಿದಂತೆ ಹಾಡು ತಿರುಗಿಬೀಳುತ್ತದೆ. ನಿನ್ನ ಹಾಡು ಈಗ ಪಳಗಿಹೋಗಿದೆ, ಈಗ ನಾನು ಎತ್ತರದಲ್ಲಿದ್ದು ನಿನ್ನನ್ನು ಕೆಳಗೆ ನೋಡುತ್ತಿದ್ದೇನೆ ಎಂಬ ಧಾಟಿ ಬರುತ್ತದೆ.

ಹರಿದಾಸರ ಕೀರ್ತನೆಗಳ ಮೂಲಕ ಕನ್ನಡಿಗರಿಗೆ ನಿಂದಾಸ್ತುತಿ ಚಿರಪರಿಚಿತ. ಮೇಲೆ ನಿಂದೆ, ಒಳಗೆ ಸ್ತುತಿ. 'ಜೀನೊ' ಅದನ್ನು ತಿರುವಿಹಾಕುತ್ತದೆ. ಮೇಲಿರುವುದು ಸ್ತುತಿ. ಒಳಗಿನದು ಕೇವಲ ನಿಂದೆಯೂ ಅಲ್ಲ, ಗುರುವಿನ ಪೀಠದ ಮೇಲೆ ಶಿಷ್ಯ ಹೂಡುವ ಹಕ್ಕು. ನಾರ್ದರ್ನ್ ಸೋಲ್‌ನ ನೆಲದಲ್ಲಿ ಯೋಚಿಸಲೂ ಆಗದಂತಹ ಮಾತಿದು. ಅಲ್ಲಿ ಹಾಡಿದವನು ದೂರದವನು, ಬಹುಪಾಲು ಅಜ್ಞಾತ, ಆದುದರಿಂದ ಪೂಜ್ಯ. ಅವನಿಗಿಂತ ತಾನು ಮೇಲು ಎಂದು ಕುಣಿಯುವವನು ಹೇಳುವ ಸಂದರ್ಭವೇ ಒದಗುವುದಿಲ್ಲ. ಪಂಕ್‌ನ ಅವಿಧೇಯತೆ ಇಲ್ಲದೆ ಇದು ಹುಟ್ಟುವಂತಿರಲಿಲ್ಲ. ಹಾಗೆಂದು ಬರೀ ಪಂಕ್ ಆಗಿದ್ದರೆ ಹೆಸರು ಹೇಳಿ ಕೊಂಡಾಡುವ ಋಣವನ್ನು ಅದು ಒಪ್ಪಿಕೊಳ್ಳುತ್ತಿರಲಿಲ್ಲ. ಹಾಡಿನ ಜನಪ್ರಿಯತೆಯಿಂದ ಜೀನೊ ವಾಷಿಂಗ್ಟನ್‌ನ ಹೆಸರು ಹೊಸ ತಲೆಮಾರಿಗೆ ತಲುಪಿತು ಎಂಬುದು ಈ ಋಣಸಂದಾಯದ ಲೌಕಿಕ ಮುಖ.

ಆಲ್ಬಮ್ಮಿನಲ್ಲಿ ಇದರ ಬೆನ್ನಿಗೇ ಬರುವುದು 'ಸೆವೆನ್ ಡೇಸ್ ಟೂ ಲಾಂಗ್'. ಚಕ್ ವುಡ್ ಎಂಬ ಗಾಯಕನ ಈ ಹಾಡು ನಾರ್ದರ್ನ್ ಸೋಲ್ ಕ್ಲಬ್ಬುಗಳ ಅಚ್ಚುಮೆಚ್ಚಿನದು. ಆಲ್ಬಮ್ಮಿನಲ್ಲಿ ಎರವಲು ತಂದ ಹಾಡು ಇದೊಂದೇ. ಡೆಕ್ಸಿಸ್ ಇದನ್ನು ಹೆಚ್ಚು ಬದಲಿಸದೆ, ತುಸು ವೇಗವಾಗಿ, ಸಂತೋಷದಿಂದ ಹಾಡುತ್ತಾರೆ. ಗುರುವಿನೊಡನೆ ಜಗಳವಾಡಿದ ಕೂಡಲೇ ಗುರುವಿನ ಪಾಠವನ್ನು ಒಪ್ಪಿಸುವ ಈ ಅನುಕ್ರಮ ಸೊಗಸಾದುದು. ಹಾಡಿನ ಹೊಸತನದ ದೃಷ್ಟಿಯಿಂದ ಹೇಳುವಂತಹುದು ಹೆಚ್ಚಿಲ್ಲ.

ಕೊನೆಯ ಭಾಗ ಮೊದಲಿನಷ್ಟು ಬಿಗಿಯಾಗಿಲ್ಲ. 'ಲವ್ ಪಾರ್ಟ್ ಒನ್' ಸ್ಯಾಕ್ಸೊಫೋನಿನ ಹಿನ್ನೆಲೆಯಲ್ಲಿ ವಾಚಿಸಿದ ಪದ್ಯ. ಅದು ಪ್ರೇಮವನ್ನು ಅಲ್ಲಗಳೆಯುವ ಒಣ ಹೇಳಿಕೆಯಾಗಿ ಉಳಿಯುತ್ತದೆ. 'ಐ ಕುಡಂಟ್ ಹೆಲ್ಪ್ ಇಫ್ ಐ ಟ್ರೈಡ್' ಎಂಬ ನಿಧಾನಗತಿಯ ಹಾಡಿನಲ್ಲಿ ಬಿಕ್ಕು ಅತಿಯಾಗಿ, ಕರುಣ ರಸಕ್ಕೆ ಬದಲು ಅದರ ಅಭಿನಯ ಕಾಣಿಸುತ್ತದೆ. ಆದರೆ ಸಮಾಪ್ತಿಯ ಹಾಡು 'ದೇರ್, ದೇರ್, ಮೈ ಡಿಯರ್' ಮತ್ತೆ ಮೊದಲ ಮಟ್ಟಕ್ಕೇರುತ್ತದೆ. ರಾಬಿನ್ ಎಂಬ ಸಂಗೀತಗಾರನಿಗೆ ಬರೆದ ಪತ್ರದ ರೂಪ ಅದರದು. ಅವನು ಪದೇ ಪದೇ ಉದ್ಧರಿಸುವ ಬರೋಸ್, ಬಲ್ಲಾರ್ಡ್, ಕೀರ್ಕೆಗಾರ್ಡ್ ಮುಂತಾದವರ ಹೆಸರುಗಳನ್ನು ಗಾಯಕ ಅಣಕವಾಗಿ ಎಣಿಸುತ್ತಾನೆ. ಹೀಗೆ ಆಲ್ಬಮ್ ಒಂದು ನಾಮಾವಳಿಯಿಂದ ತೊಡಗಿ ಇನ್ನೊಂದು ನಾಮಾವಳಿಯಲ್ಲಿ ಮುಗಿಯುತ್ತದೆ. ಮೊದಲನೆಯದರಲ್ಲಿ ಲೇಖಕರ ಹೆಸರು ಅವಮಾನಿತರ ಗುರಾಣಿ. ಕೊನೆಯದರಲ್ಲಿ ಅದು ಸುಶಿಕ್ಷಿತರ ಒಡವೆ. ಎರಡೂ ಹೆಸರುಗಳೇ, ಎರಡೂ ಪುಸ್ತಕಗಳೇ. ಅವುಗಳನ್ನು ಯಾರು, ಯಾರ ಎದುರಿಗೆ, ಯಾವ ಅಗತ್ಯಕ್ಕೆ ಉಚ್ಚರಿಸುತ್ತಾರೆ ಎಂಬುದರಿಂದ ಅರ್ಥ ತಲೆಕೆಳಗಾಗುತ್ತದೆ. ಪಠ್ಯಕ್ಕಿಂತ ಸಂದರ್ಭ ಮುಖ್ಯ ಎಂದು ಪ್ರದರ್ಶನ ಸಿದ್ಧಾಂತಿಗಳು ಹೇಳುವ ಮಾತಿಗೆ ಇದಕ್ಕಿಂತ ಚೊಕ್ಕ ನಿದರ್ಶನ ಹುಡುಕುವುದು ಕಷ್ಟ. ತಾನು ರಾಬಿನ್‌ನ ಮೇಲೆ ಹೊರಿಸುವ ಆರೋಪ ತನ್ನ ಮೊದಲ ಹಾಡಿಗೂ ತಗಲಬಹುದೆಂಬ ಸಂಶಯ ಗಾಯಕನಿಗೆ ಬಂದಂತೆ ಕಾಣುವುದಿಲ್ಲ. ಕೇಳುಗರಿಗೆ ಬಾರದೆ ಇರುವುದಿಲ್ಲ.

ಆಲ್ಬಮ್ಮಿನ ಹೊದಿಕೆಯೂ ಪಠ್ಯದ ಭಾಗವೇ. ವಿಚಾರಣೆಯಿಲ್ಲದ ಬಂಧನದ ನೀತಿ ಜಾರಿಗೆ ಬಂದ 1971ರ ಆಗಸ್ಟಿನಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಎದ್ದ ಗಲಭೆಯಿಂದಾಗಿ ಮನೆ ಬಿಟ್ಟು, ಗಂಟುಮೂಟೆ ಹೊತ್ತು ಹೊರಟ ಹದಿಮೂರು ವರ್ಷದ ಕ್ಯಾಥೊಲಿಕ್ ಹುಡುಗನೊಬ್ಬನ ವೃತ್ತಪತ್ರಿಕೆಯ ಛಾಯಾಚಿತ್ರವನ್ನು ಹಸಿರು ಛಾಯೆಯಲ್ಲಿ ಅಚ್ಚು ಹಾಕಲಾಗಿದೆ. ತಂಡದವರ ಚಿತ್ರ ಮುಖಪುಟದಲ್ಲಿಲ್ಲ. ಬಂಡಾಯಗಾರರನ್ನು ಹುಡುಕುತ್ತಿದ್ದೇವೆ ಎನ್ನುವ ಶೀರ್ಷಿಕೆಯ ಕೆಳಗೆ ನಿರಾಶ್ರಿತನೊಬ್ಬನನ್ನು ಇಟ್ಟದ್ದರಿಂದ, ಒಳಗಿನ ಪ್ರೇಮಗೀತೆಗಳಿಗೂ ಮನೆಯಿಲ್ಲದವರ ದನಿ ಅಂಟಿಕೊಳ್ಳುತ್ತದೆ. ತಂಡದವರು ಧರಿಸುತ್ತಿದ್ದ ಉಣ್ಣೆಯ ಟೋಪಿ, ಬಂದರು ಕೂಲಿಗಳ ದಪ್ಪ ಕೋಟುಗಳಿಗೂ ಇದೇ ಉದ್ದೇಶ. ಅದು ಬರ್ಮಿಂಗ್‌ಹ್ಯಾಂನ ಉಡುಪಿಗಿಂತ ಹೆಚ್ಚಾಗಿ ನ್ಯೂಯಾರ್ಕಿನ ಬಂದರಿನ ಚಲನಚಿತ್ರಗಳಿಂದ ಬಂದ ಉಡುಪು ಎಂಬುದು ಬೇರೆ ಮಾತು.

ಹಾಡು ಯಾರದು ಎಂಬ ಪ್ರಶ್ನೆ ಈ ಆಲ್ಬಮ್ಮಿನ ಹೊರಗೂ ಎದ್ದಿತು. ಧ್ವನಿಮುದ್ರಣ ಮುಗಿದ ಮೇಲೆ ತಂಡದವರು ಚಿಪಿಂಗ್ ನಾರ್ಟನ್‌ನ ಸ್ಟುಡಿಯೊದಿಂದ ಮೂಲ ಟೇಪುಗಳನ್ನು ಎತ್ತಿಕೊಂಡು ಹೋದರು. ಇಎಂಐ ಸಂಸ್ಥೆಯೊಡನೆ ಆದ ಒಪ್ಪಂದದಲ್ಲಿ ತಮಗೆ ಸಲ್ಲುವ ಪಾಲು ಕಡಿಮೆ ಎಂಬುದು ಅವರ ತಕರಾರು. ಷರತ್ತು ಬದಲಾದ ಮೇಲೆ ಟೇಪುಗಳು ಹಿಂದಿರುಗಿದವು. ವಿಮರ್ಶಕರು ಇದನ್ನು ರೋಚಕ ಪ್ರಸಂಗವಾಗಿ ಹೇಳುವುದುಂಟು. ತಾವು ಪ್ರೀತಿಸಿದ ಸೋಲ್ ಗಾಯಕರಲ್ಲಿ ಬಹುಮಂದಿ ಯಾವ ಹಕ್ಕೂ ಇಲ್ಲದೆ, ತಮ್ಮ ಹಾಡು ಸಾಗರದಾಚೆ ದುಬಾರಿ ಸರಕಾಗಿದೆ ಎಂಬ ಅರಿವೂ ಇಲ್ಲದೆ ಬಾಳಿದರು ಎಂಬ ಹಿನ್ನೆಲೆಯಲ್ಲಿ ನೋಡಿದರೆ ಆ ಕೃತ್ಯಕ್ಕೆ ಬೇರೊಂದು ತೂಕ ಬರುತ್ತದೆ.

ಈ ಅಂಶವೇ ಆಲ್ಬಮ್ಮಿನ ಮೇಲೂ ಒಂದು ಪ್ರಶ್ನೆಯನ್ನು ಎತ್ತುತ್ತದೆ. ಐರಿಷ್ ಲೇಖಕರ ಉದ್ದನೆಯ ಪಟ್ಟಿ ಕೊಟ್ಟ ತಂಡ ಕರಿಯ ಗಾಯಕರ ಪಟ್ಟಿಯನ್ನು ಕೊಡಲಿಲ್ಲ. ಒಂದು ಹಾಡಿನ ವಸ್ತುವಾಗುವ ಗೌರವ ಪಡೆದವನು ಒಬ್ಬನೇ, ಅದೂ ಕೊನೆಗೆ ಕೆಳಗಿಳಿಸುವುದಕ್ಕಾಗಿ. ಬಿಳಿಯ ಕಾರ್ಮಿಕ ವರ್ಗದ ಯುವಕರು ಕರಿಯರ ಸಂಗೀತದಲ್ಲಿ ತಮ್ಮ ದುಃಖಕ್ಕೆ ಭಾಷೆ ಕಂಡುಕೊಂಡದ್ದು ನಿಜ. ಆ ಭಾಷೆಯನ್ನು ಕಟ್ಟಿದವರ ದುಃಖ ಈ ಹಾಡುಗಳಲ್ಲಿ ವಸ್ತುವಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ನಾರ್ದರ್ನ್ ಸೋಲ್ ಕುಣಿತಗಾರರು ಚೀಲಗಳಿಗೆ ಹೊಲಿದುಕೊಳ್ಳುತ್ತಿದ್ದ ಬಿಗಿಮುಷ್ಟಿಯ ಲಾಂಛನ ಅಮೆರಿಕದ ಕರಿಯರ ಹೋರಾಟದಿಂದ ಬಂದ ಚಿಹ್ನೆ. ಬಿಲ್ಲೆಯಾದ ಮೇಲೆ ಅದರಲ್ಲಿ ಆ ಹೋರಾಟದ ಅಂಶ ಎಷ್ಟು ಉಳಿದಿತ್ತು ಎಂಬ ಪ್ರಶ್ನೆ ಈ ಆಲ್ಬಮ್ಮಿಗೂ ಅನ್ವಯಿಸುತ್ತದೆ. ಹೆಂಗಸರ ಸ್ಥಾನವಂತೂ ಇನ್ನೂ ಕಿರಿದು. ಕುಣಿತದ ನೆಲದಲ್ಲಿ ಹುಡುಗಿಯರು ಹುಡುಗರಿಗೆ ಸಮನಾಗಿ ಇದ್ದರು. ಅಲ್ಲಿ ಮೆರೆದ ರೆಕಾರ್ಡುಗಳಲ್ಲಿ ಗಾಯಕಿಯರ ದನಿ ಧಾರಾಳವಾಗಿತ್ತು. ಈ ತಂಡ ಮಾತ್ರ ಗಂಡಸರದು, ಅದರ ಹಾಡುಗಳ ಬಂಡಾಯಗಾರರೂ ಗಂಡಸರೇ. ಕೇಳುಗರು ಹಾಡುಗಾರರಾಗುವಾಗ ಎಲ್ಲ ಕೇಳುಗರಿಗೂ ಬಾಯಿ ಬರಲಿಲ್ಲ.

ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಆರನೆಯ ಸ್ಥಾನ ತಲುಪಿತು. ತಂಡ ಪತ್ರಿಕೆಗಳಿಗೆ ಸಂದರ್ಶನ ಕೊಡುವುದನ್ನು ನಿಲ್ಲಿಸಿ, ಹಣ ತೆತ್ತು ಜಾಹೀರಾತಿನ ಜಾಗದಲ್ಲಿ ತನ್ನದೇ ಪ್ರಬಂಧಗಳನ್ನು ಅಚ್ಚು ಹಾಕಿಸಿತು. ಅವುಗಳ ಧಾಟಿ ಪ್ರವಾದಿಯದು, ವಾದ ತೆಳುವು. 1980ರ ಕೊನೆಯ ವೇಳೆಗೆ ರೋಲಂಡ್, ಆರ್ಚರ್ ಮತ್ತು ಪ್ಯಾಟರ್ಸನ್ ಹೊರತು ಉಳಿದವರು ಹೊರನಡೆದು 'ದ ಬ್ಯೂರೊ' ಎಂಬ ತಂಡ ಕಟ್ಟಿದರು. ಆರ್ಚರ್ ಕೂಡ ಹೆಚ್ಚು ಕಾಲ ಉಳಿಯಲಿಲ್ಲ. ರೋಲಂಡ್ ಪಿಟೀಲುಗಳನ್ನು ಸೇರಿಸಿ 1982ರಲ್ಲಿ ಹೊರತಂದ 'ಕಮ್ ಆನ್ ಐಲೀನ್' ಜಗತ್ಪ್ರಸಿದ್ಧವಾಯಿತು. ಪಿಟೀಲಿನ ಆ ಧಾಟಿ ತನಗೆ ಬಂದದ್ದು ಆರ್ಚರ್‌ನಿಂದ ಎಂದು ರೋಲಂಡ್ ಬಹಳ ವರ್ಷಗಳ ಮೇಲೆ ಬಹಿರಂಗವಾಗಿ ಒಪ್ಪಿಕೊಂಡನು. ವಿಗನ್ ಕ್ಯಾಸಿನೊ 1981ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಇಡೀ ರಾತ್ರಿಯ ಕುಣಿತಗಳು ಬೇರೆ ಊರುಗಳ ಬೇರೆ ಸಭಾಂಗಣಗಳಲ್ಲಿ, ಅದೇ ಹಳೆಯ ರೆಕಾರ್ಡುಗಳೊಡನೆ ಮುಂದುವರಿದವು.